ನಮ್ಮ ವಿವಿಗಳ ಗಣಿತದ ಮೇಷ್ಟ್ರುಗಳಿಗೆ ದೊಡ್ಡ ಪ್ರಶಸ್ತಿ ಯಾಕೆ ಬರುವುದಿಲ್ಲ?

ಹಾಸನದ_ಉಪನ್ಯಾಸಕಿ

ದೇಶದ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಪಡೆದ ಗಣಿತಜ್ಞರ ಪಟ್ಟಿಯನ್ನು ಒಂದು ಸಲ ಮೇಲಿಂದ ಕೆಳಗೆ ಓದಿ ನೋಡಿ. ಬೆಂಗಳೂರಿನವರು ಬೇಕಾದಷ್ಟು ಜನ ಇದ್ದಾರೆ. ಐಎಸ್‌ಐ (ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ) ಕೇಂದ್ರದ ಗದಾಧರ ಮಿಶ್ರಾ (2001), ಬಿ.ವಿ. ರಾಜಾರಾಮ ಭಟ್ (2007), ಶಿವ ಆತ್ರೇಯ (2012). ಐಐಎಸ್‌ಸಿಯ ಕೌಶಲ್ ವರ್ಮಾ (2014). ಯಲಹಂಕದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೇಂದ್ರದ ಕೆ. ಸಂದೀಪ್ (2015). 2022ರ ಸಾಲಿನಲ್ಲಂತೂ ಗಣಿತದ ಎರಡೂ ಪ್ರಶಸ್ತಿ ಬೆಂಗಳೂರಿಗೇ ಬಂದವು: ಐಐಎಸ್‌ಸಿಯ ಅಪೂರ್ವ ಖರೆ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ನೀರಜ್ ಕಯಾಲ್.

ಇದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವರ ಕೆಲಸ ದೊಡ್ಡದೇ. ನನ್ನ ಪ್ರಶ್ನೆ ಬೇರೆ. ರಾಜ್ಯ ವಿವಿಗಳ ಹೆಸರು ಇಂಥ ಪಟ್ಟಿಗಳಲ್ಲಿ ಯಾಕೆ ಇಷ್ಟು ಅಪರೂಪ? ಮಾನಸಗಂಗೋತ್ರಿ, ಧಾರವಾಡ, ಕಲಬುರಗಿ, ಮಂಗಳಗಂಗೋತ್ರಿ, ಎಲ್ಲ ಕಡೆ ಗಣಿತ ವಿಭಾಗ ಇದೆ. ಪಿಎಚ್‌ಡಿ ಆಗುತ್ತವೆ, ಸಂಶೋಧನಾ ಪ್ರಬಂಧಗಳು ಬರುತ್ತವೆ. ಜಿಲ್ಲೆಗಳ ಕಾಲೇಜುಗಳಲ್ಲಿ ಪಾಠ ಮಾಡುವ ನಮ್ಮಂಥ ಎಷ್ಟೋ ಜನ ಅಲ್ಲೇ ಕಲಿತವರು. ಆದರೂ ಗಣಿತದ ಪ್ರಶಸ್ತಿ ಅಂದ ಕೂಡಲೇ ಆ ಮೇಷ್ಟ್ರುಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಕೆಲಸದಲ್ಲೇ ಕೊರತೆಯಾ, ಇಲ್ಲಾ ಕೆಲಸ ಯಾರ ಕಣ್ಣಿಗೂ ಬೀಳುತ್ತಿಲ್ಲವಾ? ತಿಳಿದವರು ಹೇಳಿ.

ಪ್ರಮೇಯ_ಪ್ರಿಯ

ಮೇಡಂ, ನಾನು ಐಐಎಸ್‌ಸಿಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ನಿಯಮಗಳನ್ನು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಭಟ್ನಾಗರ್‌ಗೆ 45 ವರ್ಷದೊಳಗಿರಬೇಕು ಅಂತ ಇತ್ತು. ಗಣಿತದ ಅತಿ ದೊಡ್ಡ ಅಂತರರಾಷ್ಟ್ರೀಯ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕಕ್ಕೆ 40. ಇನ್ಫೋಸಿಸ್ ಪ್ರಶಸ್ತಿಯವರೂ 2024ರಿಂದ ಮಿತಿಯನ್ನು 40ಕ್ಕೆ ಇಳಿಸಿದ್ದಾರೆ. ಕುಂಭಕೋಣದಲ್ಲಿ ಕೊಡುವ ಸಾಸ್ತ್ರ ರಾಮಾನುಜನ್ ಪ್ರಶಸ್ತಿಗೆ ಬರೀ 32, ರಾಮಾನುಜನ್ ಬದುಕಿದ್ದಷ್ಟೇ ವರ್ಷ. ಅಂದರೆ ಇಪ್ಪತ್ತೈದರಿಂದ ನಲವತ್ತರ ನಡುವೆ ಯಾರಿಗೆ ಎಷ್ಟು ಪುರುಸೊತ್ತು ಸಿಕ್ಕಿತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಆ ವಯಸ್ಸಿನಲ್ಲಿ ರಾಜ್ಯ ವಿವಿಯವರು ಏನು ಮಾಡುತ್ತಿರುತ್ತಾರೆ? ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಪರೀಕ್ಷೆ, ಮೌಲ್ಯಮಾಪನ, ವಿವಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತ. ನಮ್ಮ ಕಡೆ ಸಾಮಾನ್ಯವಾಗಿ ಸೆಮಿಸ್ಟರಿಗೆ ಒಂದು ಕೋರ್ಸ್. ಮಹೇಶ್ ಕಾಕಡೆ ಅವರನ್ನು ನೋಡಿ. ಸಮಿತ್ ದಾಸ್‌ಗುಪ್ತಾ ಅವರ ಜೊತೆ ಸಂಖ್ಯಾಸಿದ್ಧಾಂತದ ಬ್ರೂಮರ್–ಸ್ಟಾರ್ಕ್ ಊಹೆಯ ಮೇಲೆ ಮಾಡಿದ ಕೆಲಸಕ್ಕೆ ದೊಡ್ಡ ಹೆಸರು ಬಂತು. 2022ರಲ್ಲಿ ಇನ್ಫೋಸಿಸ್ ಪ್ರಶಸ್ತಿ, 2024ರಲ್ಲಿ ವಿಜ್ಞಾನ ಯುವ ಪುರಸ್ಕಾರ. ಅಂಥ ಸಮಸ್ಯೆ ಹಿಡಿದವರು ವರ್ಷಗಟ್ಟಲೆ ಕೂರಬೇಕು. ನಡುವೆ ಒಂದೂ ಪ್ರಬಂಧ ಬರದಿದ್ದರೂ ಯಾರೂ ಪ್ರಶ್ನೆ ಮಾಡಬಾರದು. ಆ ಧೈರ್ಯವನ್ನು ಸಂಸ್ಥೆಯೇ ಕೊಡಬೇಕು.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಇದು ಪಕ್ಷಪಾತ ಅಲ್ಲ. ಆಳವಾದ ಕೆಲಸ ಎಲ್ಲಿ ಆಗುತ್ತಿದೆಯೋ ಅಲ್ಲಿಗೆ ಪ್ರಶಸ್ತಿ ಹೋಗುತ್ತಿದೆ.

ತುಮಕೂರು_ಎಂಎಸ್ಸಿ

ವಯಸ್ಸಿನ ಮಿತಿಯಿಂದ ಎಂಥೆಂಥವರಿಗೆ ತಪ್ಪಿದೆ ಅಲ್ವಾ ಸರ್! ಫರ್ಮಾನ ಕೊನೆಯ ಪ್ರಮೇಯ ಸಾಧಿಸಿದ ಆಂಡ್ರ್ಯೂ ವೈಲ್ಸ್‌ಗೇ ಫೀಲ್ಡ್ಸ್ ಪದಕ ಇಲ್ಲ. 1993ರಲ್ಲಿ ಘೋಷಿಸಿದರು, ಸಾಧನೆಯಲ್ಲಿ (ಪ್ರೂಫ್‌ನಲ್ಲಿ) ಒಂದು ಲೋಪ ಕಂಡಿತು, ಅದನ್ನು ಸರಿಪಡಿಸುವಷ್ಟರಲ್ಲಿ 1994 ಬಂತು, ವಯಸ್ಸು 40 ದಾಟಿತು. 1998ರಲ್ಲಿ ಒಂದು ಬೆಳ್ಳಿ ಫಲಕ ಕೊಟ್ಟು ಗೌರವಿಸಿದರು. ಯೀಟಾಂಗ್ ಝಾಂಗ್ ಕಥೆ ಇನ್ನೂ ಹತ್ತಿರದ್ದು. ನ್ಯೂ ಹ್ಯಾಂಪ್‌ಶೈರ್ ವಿವಿಯಲ್ಲಿ ಪಾಠ ಮಾಡಿಕೊಂಡಿದ್ದವರು. ಅಂತರ 7 ಕೋಟಿಗಿಂತ ಕಡಿಮೆ ಇರುವ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು ಮುಗಿಯುವುದೇ ಇಲ್ಲ ಅಂತ 2013ರಲ್ಲಿ ತೋರಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು.

ಸಂಖ್ಯಾಶಾಸ್ತ್ರಿ

ವಯಸ್ಸಿನ ಮಾತು ಬಂತು ಅಂತ ಹೇಳುತ್ತೇನೆ, ನಮ್ಮ ಹಡಗಲಿಯ ಸಿ.ಆರ್. ರಾವ್ ಅವರನ್ನು ಮರೆಯಬೇಡಿ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಈಗ ವಿಜಯನಗರ ಜಿಲ್ಲೆ. ತೆಲುಗು ಮನೆತನ, ಓದಿದ್ದು ಆಂಧ್ರ ವಿವಿ ಮತ್ತು ಕಲ್ಕತ್ತಾ ವಿವಿಯಲ್ಲಿ.

ಕಲ್ಕತ್ತಾದಲ್ಲಿ ಪಾಠ ಮಾಡುತ್ತಿದ್ದಾಗಿನ ಒಂದು ಘಟನೆಯನ್ನು ರಾವ್ ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಅಂದಾಜು ಎಷ್ಟು ನಿಖರವಾಗಿರಬಹುದು ಅನ್ನುವುದರ ಬಗ್ಗೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಶರ್ ಕೊಟ್ಟ ಒಂದು ಫಲಿತಾಂಶವನ್ನು ತರಗತಿಯಲ್ಲಿ ವಿವರಿಸುತ್ತಿದ್ದರು. ಮಾದರಿ ತುಂಬಾ ದೊಡ್ಡದಾಗಿದ್ದಾಗ ಮಾತ್ರ ಅದು ನಿಲ್ಲುತ್ತಿತ್ತು. ವಿ.ಎಂ. ದಾಂಡೇಕರ್ ಅನ್ನುವ ವಿದ್ಯಾರ್ಥಿ ಎದ್ದು, ಸಣ್ಣ ಮಾದರಿಗೂ ಇದನ್ನು ಸಾಧಿಸಲು ಆಗುವುದಿಲ್ಲವೇ ಅಂತ ಕೇಳಿದ. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಅದರ ಹಿಂದೆ ಬಿದ್ದರು. ಮರುದಿನ ತರಗತಿಗೆ ಬರುವಾಗ ಸಾಧನೆ ಕೈಯಲ್ಲಿತ್ತು. ಇವತ್ತು ಪ್ರಪಂಚದ ಎಲ್ಲ ಕಡೆ ಪಾಠ ಮಾಡುವ ಕ್ರಾಮರ್–ರಾವ್ ಅಸಮತೆ ಅದೇ. ಅದು 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಒಂದೇ ಪ್ರಬಂಧದಲ್ಲಿ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವೂ ಇತ್ತು. ಮುಂದೆ ಮಾಹಿತಿ ಜ್ಯಾಮಿತಿ ಅಂತ ಬೆಳೆದ ಶಾಖೆಗೂ ಅದೇ ಬೀಜ.

ಆ ಪ್ರಬಂಧಕ್ಕೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಿದ್ದು 2023ರಲ್ಲಿ. ಆಗ ರಾವ್ ಅವರಿಗೆ 102 ವರ್ಷ. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ಪದ್ಮವಿಭೂಷಣ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಎಲ್ಲ ಮೊದಲೇ ಬಂದಿದ್ದವು, ನಿಜ. ಆದರೆ ನೋಡಿ, ದೊಡ್ಡ ಸಂಶೋಧನೆಗೆ ಪಾಠವೇ ಅಡ್ಡಿ ಅಂತ ನಾವು ಹೇಳುತ್ತೇವೆ. ಇಲ್ಲಿ ಪ್ರಶ್ನೆ ಹುಟ್ಟಿದ್ದೇ ತರಗತಿಯಲ್ಲಿ. ಅಚ್ಚಾಗಿದ್ದು ನಮ್ಮದೇ ದೇಶದ ಪತ್ರಿಕೆಯಲ್ಲಿ.

ಪ್ರಮೇಯ_ಪ್ರಿಯ

ಒಪ್ಪಿದೆ ಸರ್. ಆದರೆ ವಾರಕ್ಕೆ 16 ಗಂಟೆ ಪಾಠ ಇದ್ದಿದ್ದರೆ ಆ ರಾತ್ರಿ ಮೌಲ್ಯಮಾಪನ ಮಾಡುತ್ತಾ ಕೂತಿರುತ್ತಿದ್ದರೇನೋ.

ಧಾರವಾಡದವ

ಕೆಲಸದಲ್ಲಿ ಕೊರತೆಯಾ ಅಂತ ಮೇಡಂ ಕೇಳಿದ್ದಾರೆ. ಅದಕ್ಕೆ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಒಂದು ಪ್ರಬಂಧವನ್ನೇ ಮುಂದಿಡುತ್ತೇನೆ. 1979ರಲ್ಲಿ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ್ ಗ್ರಾಫ್ ಸಿದ್ಧಾಂತದಲ್ಲಿ ಒಂದು ಹೊಸ ಸಂಖ್ಯೆ ತಂದರು: ಕನೆಕ್ಟೆಡ್ ಡಾಮಿನೇಶನ್ ನಂಬರ್. ಏಳು ಪುಟದ ಪ್ರಬಂಧ. ಮದ್ರಾಸಿನಿಂದ ಬರುತ್ತಿದ್ದ ಪತ್ರಿಕೆಯಲ್ಲಿ ಅಚ್ಚಾಯಿತು.

ಗಣಿತ ಓದದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಒಂದು ತಾಲೂಕಿನ ಹಳ್ಳಿಗಳನ್ನು ಚುಕ್ಕಿ ಅಂದುಕೊಳ್ಳಿ, ರಸ್ತೆಗಳನ್ನು ಗೆರೆ ಅಂದುಕೊಳ್ಳಿ. ಕೆಲವು ಹಳ್ಳಿಗಳಲ್ಲಿ ಮಾತ್ರ ಆಸ್ಪತ್ರೆ ಕಟ್ಟಬೇಕು. ಷರತ್ತು ಎರಡು. ಆಸ್ಪತ್ರೆ ಇಲ್ಲದ ಪ್ರತಿ ಹಳ್ಳಿಯ ಪಕ್ಕದಲ್ಲೇ ಆಸ್ಪತ್ರೆ ಇರುವ ಹಳ್ಳಿ ಇರಬೇಕು. ಮತ್ತೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಆಸ್ಪತ್ರೆ ಇರುವ ಊರುಗಳ ಮೂಲಕವೇ ಹೋಗಲು ಸಾಧ್ಯವಾಗಬೇಕು. ಕನಿಷ್ಠ ಎಷ್ಟು ಆಸ್ಪತ್ರೆ ಸಾಕು? ಪ್ರಶ್ನೆ ಇಷ್ಟೇ.

ಆಗ ಇದು ಶುದ್ಧ ಗಣಿತ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ವೈರ್‌ಲೆಸ್ ಜಾಲಗಳು ಬಂದವು. ಟವರ್ ಇಲ್ಲದೆ ಉಪಕರಣಗಳೇ ಒಂದಕ್ಕೊಂದು ಸಂದೇಶ ದಾಟಿಸಬೇಕಾದ ಜಾಲಗಳು. ಅಲ್ಲಿ ಎಲ್ಲ ಉಪಕರಣವೂ ಸಂದೇಶ ಹೊತ್ತರೆ ಬ್ಯಾಟರಿ ಖಾಲಿ. ಯಾವ ಕೆಲವು ಹೊತ್ತರೆ ಸಾಕು? ಬೇಕಾದ ಉತ್ತರ ಈ ಕಲ್ಪನೆಯಲ್ಲೇ ಇತ್ತು. ಅದರ ಮೇಲೆ ಕಂಪ್ಯೂಟರ್ ವಿಜ್ಞಾನಿಗಳು ಬರೆದದ್ದು ಒಂದು ಕಪಾಟು ತುಂಬುತ್ತದೆ. ಧಾರವಾಡದಲ್ಲಿ ಇದು ಹುಟ್ಟಿತು ಅನ್ನುವುದು ನಮ್ಮ ಊರಿನ ಎಂಜಿನಿಯರಿಂಗ್ ಹುಡುಗರಿಗೇ ಗೊತ್ತಿಲ್ಲ. ಕೆಲಸದಲ್ಲಿ ಕೊರತೆ ಅಂತ ನನಗೆ ಅನ್ನಿಸುವುದಿಲ್ಲರೀ.

ಹಾಸನದ_ಉಪನ್ಯಾಸಕಿ

ಇದು ನನಗೂ ಗೊತ್ತಿರಲಿಲ್ಲ ಸರ್. ನಾಳೆಯೇ ಬಿಎಸ್ಸಿ ಮಕ್ಕಳಿಗೆ ಹೇಳುತ್ತೇನೆ.

ಗಂಗೋತ್ರಿ_ಹಳಬ

ಮೈಸೂರಿನ ಕಡೆಯಿಂದಲೂ ಒಂದು ಮಾತು. ರಾಮಾನುಜನ್ ನೋಟ್‌ಬುಕ್‌ಗಳಲ್ಲಿ ಸೂತ್ರಗಳಿವೆ, ಸಾಧನೆ ಹೆಚ್ಚು ಕಡೆ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಇಲಿನಾಯ್ ವಿವಿಯ ಬ್ರೂಸ್ ಬರ್ಂಟ್ ಅವುಗಳನ್ನು ಒಂದೊಂದಾಗಿ ಸಾಧಿಸಿ, ಸಂಪುಟಗಳಾಗಿ ಹೊರತಂದರು. ಆ ಸಂಪುಟಗಳಿಗೆ 1996ರಲ್ಲಿ ಅಮೆರಿಕನ್ ಗಣಿತ ಸಂಘದ ಸ್ಟೀಲ್ ಪ್ರಶಸ್ತಿ ಬಂತು. ತಕ್ಕ ಗೌರವವೇ.

ಎರಡನೆಯ ನೋಟ್‌ಬುಕ್‌ನ 16ನೇ ಅಧ್ಯಾಯ ಥೀಟಾ ಫಲನಗಳಿಗೆ ಸೇರಿದ್ದು, ಮುಂದಿನ ಅಧ್ಯಾಯಗಳಿಗೂ ಅದೇ ಅಡಿಪಾಯ. ಆ ಅಧ್ಯಾಯದ ಪೂರ್ತಿ ಸಾಧನೆ 1985ರಲ್ಲಿ ಅಮೆರಿಕನ್ ಗಣಿತ ಸಂಘದ ಮೆಮೊಯರ್ ಆಗಿ ಬಂತು. ಅದರ ಲೇಖಕರು ನಾಲ್ಕು ಜನ: ಅಡಿಗ, ಬರ್ಂಟ್, ಭಾರ್ಗವ, ವಾಟ್ಸನ್. ಇವರಲ್ಲಿ ವಾಟ್ಸನ್ ಇಂಗ್ಲೆಂಡಿನವರು, 1965ರಲ್ಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಟಿಪ್ಪಣಿ ಬಳಸಿದ್ದಕ್ಕಾಗಿ ಹೆಸರು ಸೇರಿಸಿದರು. ಎಂಥ ದೊಡ್ಡ ಮನಸ್ಸು ನೋಡಿ. ಇನ್ನು ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ ಇಬ್ಬರೂ ನಮ್ಮ ಮೈಸೂರು ವಿವಿಯವರು. ಅವರಿಂದ ಕಲಿತವರು, ಅವರ ಶಿಷ್ಯರಿಂದ ಕಲಿತವರು ಇವತ್ತಿಗೂ ರಾಮಾನುಜನ್ ಗಣಿತ ಮಾಡುತ್ತಿದ್ದಾರೆ.

ಅದಕ್ಕೂ ಹಿಂದೆ ಕೆ. ವೆಂಕಟಾಚಲಯ್ಯಂಗಾರ್ ಇದ್ದರು. ರಾಮಾನುಜನ್ ದಾರಿಯಲ್ಲೇ ಎಲಿಪ್ಟಿಕ್ ಫಲನಗಳನ್ನು ಕಟ್ಟಿಕೊಂಡು ಹೋಗಬಹುದು ಅಂತ ಬರೆದ ಅವರ ಕೃತಿಯನ್ನು 1988ರಲ್ಲಿ ಮಧುರೈ ಕಾಮರಾಜ್ ವಿವಿ ವರದಿಯ ರೂಪದಲ್ಲಿ ಪ್ರಕಟಿಸಿತು. ಹೊರಗಿನವರ ಕೈಗೆ ಅದು ಸಿಗುವುದೇ ಕಷ್ಟವಾಗಿತ್ತು. ನ್ಯೂಜಿಲೆಂಡಿನ ಶಾನ್ ಕೂಪರ್ ಅದನ್ನು ತಿದ್ದಿ ಸಿದ್ಧಪಡಿಸಿ 2012ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ವೆಂಕಟಾಚಲಯ್ಯಂಗಾರ್ ಅದನ್ನು ನೋಡಲು ಇರಲಿಲ್ಲ.

ಹೇಳಬೇಕಾದ್ದು ಇಷ್ಟೇ. ಇಂಥ ಕೆಲಸ ಒಬ್ಬರು ಐದು ವರ್ಷದಲ್ಲಿ ಮುಗಿಸುವುದಲ್ಲ. ಒಂದು ವಿಭಾಗ ಎರಡು ತಲೆಮಾರು ಸೇರಿ ಮಾಡುವುದು. ನಮ್ಮ ಪ್ರಶಸ್ತಿಗಳಿಗೆ ಒಬ್ಬರ ಹೆಸರು ಬೇಕು, ಒಂದು ಹುಟ್ಟಿದ ದಿನಾಂಕ ಬೇಕು. ವಿಭಾಗಕ್ಕೆ ಕೊಡುವ ಗೌರವ ಅಂತ ಇಲ್ಲವೇ ಇಲ್ಲ.

ಪ್ರಮೇಯ_ಪ್ರಿಯ

ಹಳಬರೇ, ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಪಾಂಕರೆ ಊಹೆಯನ್ನು ಸಾಧಿಸಿದ ರಷ್ಯಾದ ಪೆರೆಲ್ಮನ್ 2006ರಲ್ಲಿ ಫೀಲ್ಡ್ಸ್ ಪದಕ ಬೇಡ ಅಂದರು, 2010ರಲ್ಲಿ ಕ್ಲೇ ಸಂಸ್ಥೆಯ ಹತ್ತು ಲಕ್ಷ ಡಾಲರೂ ಬೇಡ ಅಂದರು. ಹಣ ಬಿಟ್ಟದ್ದನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಆ ಸಾಧನೆಗೆ ದಾರಿ ತೋರಿಸಿದ ರಿಚರ್ಡ್ ಹ್ಯಾಮಿಲ್ಟನ್ ಪಾಲು ತನ್ನ ಪಾಲಿಗಿಂತ ಕಡಿಮೆಯಲ್ಲ ಅನ್ನುವುದು. ಎಂ.ಎಸ್. ನರಸಿಂಹನ್ ಮತ್ತು ಶೇಷಾದ್ರಿಯವರ ವಿಷಯವೂ ಹಾಗೇ. 1965ರ ಅವರ ಪ್ರಮೇಯಕ್ಕೆ ಆಗ ಫೀಲ್ಡ್ಸ್ ಬರಲಿಲ್ಲ, ಇಬ್ಬರಿಗೂ ಮೂವತ್ತಮೂರೇ ವರ್ಷ. ಮುಂದೆ ಡೊನಾಲ್ಡ್‌ಸನ್ ಅದೇ ಪ್ರಮೇಯಕ್ಕೆ ಹೊಸ ಸಾಧನೆ ಕೊಟ್ಟರು. 2006ರಲ್ಲಿ ನರಸಿಂಹನ್ ಮತ್ತು ಡೊನಾಲ್ಡ್‌ಸನ್ ಇಬ್ಬರಿಗೂ ಸೇರಿ ಕಿಂಗ್ ಫೈಸಲ್ ಪ್ರಶಸ್ತಿ ಬಂತು. ಕೊನೆಯ ವರ್ಷಗಳಲ್ಲಿ ನರಸಿಂಹನ್ ಬೆಂಗಳೂರಿನಲ್ಲೇ ಇದ್ದರು. ಎಂಥ ದೊಡ್ಡವರು ನಮ್ಮ ಊರಿನಲ್ಲಿದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ಸರಳರೇಖೆ

ಕ್ಷಮಿಸಿ, ಬೇರೆ ಥರ ಯೋಚಿಸುತ್ತಿದ್ದೇನೆ. ಪ್ರಶಸ್ತಿ ಯಾಕೆ ಬೇಕು? ಗಣಿತ ಮಾಡುವ ಖುಷಿ ಸಾಲದಾ?

ಹಾಸನದ_ಉಪನ್ಯಾಸಕಿ

ಮಾಡುವವರಿಗೆ ಸಾಕು. ಹೊಸದಾಗಿ ಬರುವವರಿಗೆ ಸಾಲದು. ಒಂದು ಪ್ರಶಸ್ತಿ ಬಂದರೆ ಕುಲಪತಿಗಳು ವಿಭಾಗದ ಖಾಲಿ ಹುದ್ದೆ ತುಂಬಿಸುವ ಮಾತಾಡುತ್ತಾರೆ. ಗ್ರಂಥಾಲಯಕ್ಕೆ ಹಣ ಕೇಳಲು ಬಾಯಿ ಬರುತ್ತದೆ. ಪಿಯುಸಿ ಮುಗಿಸಿದ ಮಗಳು ಬಿಎಸ್ಸಿ ಗಣಿತ ತಗೊಳ್ಳುತ್ತೇನೆ ಅಂದರೆ ಅಪ್ಪ ಅಮ್ಮ ತಡೆಯುವುದಿಲ್ಲ. ನನ್ನ ತರಗತಿಯಲ್ಲಿ ಚೆನ್ನಾಗಿ ಮಾಡುವ ಹುಡುಗಿಯರೇ ಜಾಸ್ತಿ. ಅವರಿಗೆ ತೋರಿಸಲು ನನಗೆ ಹೆಸರುಗಳು ಬೇಕು.

ತುಮಕೂರು_ಎಂಎಸ್ಸಿ

ಒಂದು ಹೆಸರು ನಾನು ಕೊಡುತ್ತೇನೆ ಮೇಡಂ. ಸುಜಾತಾ ರಾಮದೊರೈ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಬಿಎಸ್ಸಿ. ಎಂಎಸ್ಸಿ ಮಾಡಿದ್ದು ಅಣ್ಣಾಮಲೈ ವಿವಿಯಿಂದ, ಅಂಚೆ ಮೂಲಕ! ಆಮೇಲೆ ಟಿಐಎಫ್‌ಆರ್‌ನಲ್ಲಿ ರಾಮನ್ ಪರಿಮಳ ಅವರ ಹತ್ತಿರ ಪಿಎಚ್‌ಡಿ. 2004ರಲ್ಲಿ ಭಟ್ನಾಗರ್. 2006ರಲ್ಲಿ ಇಟಲಿಯ ಐಸಿಟಿಪಿ ಸಂಸ್ಥೆ ಕೊಡುವ ರಾಮಾನುಜನ್ ಪ್ರಶಸ್ತಿ, ಅದನ್ನು ಪಡೆದ ಮೊದಲ ಭಾರತೀಯರು ಅವರೇ. 2023ರಲ್ಲಿ ಪದ್ಮಶ್ರೀ. ಅವರ ಗುರು ಪರಿಮಳ ಅವರಿಗೆ 1987ರಲ್ಲೇ ಭಟ್ನಾಗರ್ ಬಂದಿತ್ತು. ಕೋಲ್ಕತ್ತಾದ ನೀನಾ ಗುಪ್ತಾ ಅವರಿಗೆ 2019ರಲ್ಲಿ ಭಟ್ನಾಗರ್, 2021ರಲ್ಲಿ ಐಸಿಟಿಪಿ ರಾಮಾನುಜನ್, 2024ರಲ್ಲಿ ಇನ್ಫೋಸಿಸ್. ಅಂಚೆ ಮೂಲಕ ಎಂಎಸ್ಸಿ ಮಾಡಿದವರು ಇಲ್ಲಿವರೆಗೆ ಬಂದಿದ್ದಾರೆ ಅಂತ ತಿಳಿದಾಗ ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳಲಾರೆ.

ಕರಾವಳಿ_ಕಲನ

ಪ್ರಶಸ್ತಿಗೆ ಬೆಲೆ ಇದೆ ಅನ್ನುವ ಕಾರಣಕ್ಕೇ ಸುಳ್ಳು ಪ್ರಶಸ್ತಿಗಳೂ ಹುಟ್ಟಿಕೊಂಡಿವೆ, ಅದನ್ನು ಇಲ್ಲಿ ಹೇಳಲೇಬೇಕು. "ಅತ್ಯುತ್ತಮ ಸಂಶೋಧಕ" ಅಂತ ಇಮೇಲ್ ಬರುತ್ತದೆ, ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಾರೆ, ಶಾಲು ಮತ್ತು ಫಲಕ ಮನೆಗೇ ಬರುತ್ತದೆ. ನಾನು ಕೆಲಸ ಮಾಡುವ ಕಡೆ ಇಂಥದ್ದಕ್ಕೂ ಬಡ್ತಿಯ ಅರ್ಜಿಯಲ್ಲಿ ಜಾಗ ಕೊಟ್ಟಿದ್ದರು. ಬಹಳ ಬೇಜಾರಾಯಿತು.

ಉಲ್ಲೇಖಗಳ ಲೆಕ್ಕವೂ ಹಾಗೇ ಆಗಿದೆ. ಗಣಿತದಲ್ಲಿ ಒಂದು ಒಳ್ಳೆಯ ಪ್ರಬಂಧಕ್ಕೆ ಉಲ್ಲೇಖ ನಿಧಾನವಾಗಿ ಬರುತ್ತದೆ, ಒಟ್ಟು ಸಂಖ್ಯೆಯೂ ಸಣ್ಣದು. ಹಾಗಾಗಿ ಹತ್ತು ಜನ ಗುಂಪು ಕಟ್ಟಿಕೊಂಡು ಒಬ್ಬರನ್ನೊಬ್ಬರು ಉಲ್ಲೇಖಿಸಿದರೆ ಪಟ್ಟಿಯ ತುದಿಗೆ ಹೋಗಿಬಿಡಬಹುದು. ಇದು ಎಷ್ಟು ಕೆಟ್ಟಿತು ಅಂದರೆ ಅತಿ ಹೆಚ್ಚು ಉಲ್ಲೇಖ ಪಡೆದ ಸಂಶೋಧಕರ ಪಟ್ಟಿ ಮಾಡುವ ಕ್ಲಾರಿವೇಟ್ ಕಂಪನಿ 2023ರಲ್ಲಿ ಗಣಿತ ವಿಭಾಗವನ್ನೇ ಕೈಬಿಟ್ಟಿತು. ನಿಜವಾಗಿ ದುಡಿದವರಿಗೆ ಇದರಿಂದ ಎರಡು ಸಲ ಅನ್ಯಾಯ. ದೊಡ್ಡ ಪ್ರಶಸ್ತಿ ಸಿಗುವುದಿಲ್ಲ, ಸಣ್ಣದು ಸಿಕ್ಕಿದರೂ ಜನ ಅನುಮಾನದಿಂದ ನೋಡುತ್ತಾರೆ.

ಗಂಗೋತ್ರಿ_ಹಳಬ

ಪಾಠ ಮತ್ತು ಪ್ರಚಾರಕ್ಕೆ ಕೊಡುವ ಒಂದು ಒಳ್ಳೆಯ ಪ್ರಶಸ್ತಿ ನಮ್ಮ ನೆಲದಲ್ಲೇ ಶುರುವಾಯಿತು. 2010ರಲ್ಲಿ ಹೈದರಾಬಾದಿನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಭಾಸ್ಕರಾಚಾರ್ಯರ ಲೀಲಾವತಿಯ ಹೆಸರಿನಲ್ಲಿ ಅದನ್ನು ಮೊದಲು ಕೊಟ್ಟರು. ಆಮೇಲೆ ಬೆಂಗಳೂರಿನ ಇನ್ಫೋಸಿಸ್ ಅದರ ಖರ್ಚು ಹೊತ್ತಿತು. 2018ರಲ್ಲಿ ಟರ್ಕಿಯ ಅಲಿ ನೆಸಿನ್ ಅವರಿಗೆ ಬಂತು. ಶಿರಿಂಜೆ ಅನ್ನುವ ಹಳ್ಳಿಯ ಹತ್ತಿರ ಗುಡ್ಡದ ಮೇಲೆ ಒಂದು ಗಣಿತ ಗ್ರಾಮವನ್ನೇ ಕಟ್ಟಿದವರು ಅವರು. ಮಕ್ಕಳು ಅಲ್ಲಿಗೆ ಬಂದು ಇದ್ದು ಗಣಿತ ಕಲಿಯುತ್ತಾರೆ. ಫೀಲ್ಡ್ಸ್ ಪದಕ ಕೊಡುವ ಸಮ್ಮೇಳನದಲ್ಲೇ ಇದನ್ನೂ ಕೊಡುತ್ತಾರೆ ಅನ್ನುವುದು ನನಗೆ ತುಂಬಾ ಹಿಡಿಸಿದ ವಿಷಯ.

ಹಾಸನದ_ಉಪನ್ಯಾಸಕಿ

ಎಲ್ಲರ ಮಾತು ಓದಿದ ಮೇಲೆ ನನಗೆ ಒಂದು ಸ್ಪಷ್ಟವಾಗಿದೆ. ಪ್ರಶಸ್ತಿ ತಾನಾಗಿ ಮನೆ ಹುಡುಕಿಕೊಂಡು ಬರುವುದಿಲ್ಲ, ಯಾರಾದರೂ ಹೆಸರು ಸೂಚಿಸಬೇಕು. ಸಂಶೋಧನಾ ಸಂಸ್ಥೆಗಳಲ್ಲಿ ಇದಕ್ಕೆ ರೂಢಿ ಇದೆ. ಹಿಂದೆ ಪ್ರಶಸ್ತಿ ಪಡೆದವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ, ಅವರೇ ಸೂಚಿಸುತ್ತಾರೆ. ನಮ್ಮ ವಿವಿಗಳಲ್ಲಿ ಸೂಚಿಸುವ ಅಧಿಕಾರ ಕುಲಪತಿಗಳಿಗೂ ಇತ್ತು. ಎಷ್ಟು ಸಲ ಬಳಸಿದರು?

ಈಗ ಆ ನೆಪವೂ ಉಳಿದಿಲ್ಲ. ಭಟ್ನಾಗರ್ ಈಗ ವಿಜ್ಞಾನ ಯುವ ಅನ್ನುವ ಹೆಸರಿನಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಒಂದು ಭಾಗ, 2024ರಲ್ಲಿ ಮೊದಲ ಸಲ ಕೊಟ್ಟರು. ಗಣಿತ ಮತ್ತು ಕಂಪ್ಯೂ‌ಟರ್ ವಿಜ್ಞಾನ ಅದರಲ್ಲಿ ಒಂದು ವಿಭಾಗ. 45ರ ಮಿತಿ ಇರುವುದು ವಿಜ್ಞಾನ ಯುವಕ್ಕೆ ಮಾತ್ರ. ವಿಜ್ಞಾನ ಶ್ರೀಗೆ ವಯಸ್ಸಿನ ಮಿತಿ ಇಲ್ಲ. ತಂಡಕ್ಕೆ ಕೊಡುವ ವಿಜ್ಞಾನ ಟೀಮ್ ಕೂಡ ಇದೆ. ಹಳಬರು ಕೇಳಿದ ವಿಭಾಗದ ಗೌರವಕ್ಕೆ ಇದು ಹತ್ತಿರದ್ದು. ಪದ್ಮ ಪ್ರಶಸ್ತಿಗಂತೂ ಯಾವ ಪ್ರಜೆ ಬೇಕಾದರೂ ಯಾರ ಹೆಸರನ್ನು ಬೇಕಾದರೂ ಆನ್‌ಲೈನ್‌ನಲ್ಲಿ ಸೂಚಿಸಬಹುದು. ರಾಜ್ಯ ಸರ್ಕಾರದ ವಿಜ್ಞಾನ ಪ್ರಶಸ್ತಿಗಳೂ ಇವೆ, ಹಿರಿಯರಿಗೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನದು, ಕಿರಿಯರಿಗೆ ಸಿ.ವಿ. ರಾಮನ್ ಅವರ ಹೆಸರಿನದು. ರಾಜ್ಯೋತ್ಸವ ಪ್ರಶಸ್ತಿ ಇದ್ದೇ ಇದೆ.

ಬರೀ ಮಾತಾಡಿ ಬಿಡುವುದು ಬೇಡ. ನಮ್ಮನ್ನು ಓದಿಸಿದ ಮೇಷ್ಟ್ರುಗಳಲ್ಲಿ ನಿಜವಾಗಿ ಯೋಗ್ಯರಾದವರ ಕಡತ ಸಿದ್ಧ ಮಾಡೋಣ. ಹೆಸರುಗಳನ್ನು ಇಲ್ಲಿ ಬಹಿರಂಗವಾಗಿ ಹಾಕಬೇಡಿ, ಮೊದಲು ಅವರ ಒಪ್ಪಿಗೆ ಕೇಳಿ.

ಧಾರವಾಡದವ

ನಾ ತಯಾರಿದ್ದೇನ್ರೀ. ಹಳೆಯ ಪ್ರಬಂಧಗಳನ್ನು ವಿಭಾಗದ ಗ್ರಂಥಾಲಯದಲ್ಲಿ ಕೂತು ಸ್ಕ್ಯಾನ್ ಮಾಡಿ ಕೊಡುತ್ತೇನೆ. ಎಷ್ಟೋ ಪತ್ರಿಕೆಗಳು ನಿಂತೇ ಹೋಗಿವೆ, ಇಂಟರ್ನೆಟ್‌ನಲ್ಲಿ ಸಿಗುವುದಿಲ್ಲ. ಹೆಸರು ಸೂಚಿಸದೆ ಹೋದರೂ ಈ ಕೆಲಸ ಆಗಲೇಬೇಕು.

ಪ್ರಮೇಯ_ಪ್ರಿಯ

ಕಡತದಲ್ಲಿ ಪ್ರಬಂಧಗಳ ಸಂಖ್ಯೆ ದೊಡ್ಡದಾಗಿ ಬರೆಯಬೇಡಿ. ಸಮಿತಿಯವರು ಅದನ್ನು ನೋಡಿ ನೋಡಿ ಬೇಸತ್ತಿರುತ್ತಾರೆ. ಮೂರೋ ನಾಲ್ಕೋ ಒಳ್ಳೆಯ ಪ್ರಬಂಧ ಆರಿಸಿ. ಪ್ರತಿಯೊಂದರಲ್ಲೂ ಹೊಸದು ಏನು, ಅದನ್ನು ಆಮೇಲೆ ಯಾರು ಎಲ್ಲಿ ಬಳಸಿದರು ಅಂತ ಒಂದು ಪುಟದೊಳಗೆ ಬರೆಯಿರಿ. ಧಾರವಾಡದ ಸರ್ ಮೇಲೆ ಆ ಕನೆಕ್ಟೆಡ್ ಡಾಮಿನೇಶನ್ ಬಗ್ಗೆ ಬರೆದರಲ್ಲ, ಸರಿಯಾಗಿ ಹಾಗೆ. ಮತ್ತೆ ಶಿಷ್ಯರ ಪಟ್ಟಿ ಇರಲಿ, ಅವರು ಈಗ ಎಲ್ಲಿ ಪಾಠ ಮಾಡುತ್ತಿದ್ದಾರೆ ಅನ್ನುವುದೂ ಇರಲಿ. ಸಂಖ್ಯಾಸಿದ್ಧಾಂತಕ್ಕೆ ಸೇರಿದ್ದಾದರೆ ನಾನೇ ಓದಿ ತಿದ್ದಿ ಕೊಡುತ್ತೇನೆ.

ತುಮಕೂರು_ಎಂಎಸ್ಸಿ

ಲೇಟೆಕ್‌ನಲ್ಲಿ (ಗಣಿತದ ಸೂತ್ರ ಅಚ್ಚು ಮಾಡುವ ತಂತ್ರಾಂಶ) ಟೈಪ್ ಮಾಡುವುದು ನನಗೆ ಬಿಡಿ. ನಮ್ಮ ಬ್ಯಾಚಿನಲ್ಲಿ ಇನ್ನಿಬ್ಬರು ಬರುತ್ತಾರೆ.

ಗಂಗೋತ್ರಿ_ಹಳಬ

ಮೈಸೂರಿನ ಹಳೆಯ ವಿದ್ಯಾರ್ಥಿಗಳನ್ನು ನಾನು ವಿಚಾರಿಸುತ್ತೇನೆ. ಅಮೆರಿಕದಲ್ಲಿರುವ ಕೆಲವರು ಬೆಂಬಲ ಪತ್ರ ಬರೆಯಲು ಒಪ್ಪಬಹುದು. ಹೊರಗಿನ ತಜ್ಞರ ಪತ್ರ ಇದ್ದರೆ ಕಡತಕ್ಕೆ ತೂಕ ಬರುತ್ತದೆ. ಮೇಡಂ, ಯಾವ ಪ್ರಶಸ್ತಿಗೆ ಯಾವ ತಿಂಗಳು ಅರ್ಜಿ ತೆರೆಯುತ್ತದೆ ಅಂತ ಒಂದು ಪಟ್ಟಿ ನೀವು ಮಾಡಿ ಇಲ್ಲಿ ಮೇಲೆ ಅಂಟಿಸಿ.

ಹಾಸನದ_ಉಪನ್ಯಾಸಕಿ

ಭಾನುವಾರದೊಳಗೆ ಹಾಕುತ್ತೇನೆ ಸರ್. ಕಲಬುರಗಿ ಮತ್ತು ಮಂಗಳಗಂಗೋತ್ರಿ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ, ಅಲ್ಲಿಯ ಗ್ರಂಥಾಲಯ ನೋಡುವವರು ಇನ್ನೂ ಸಿಕ್ಕಿಲ್ಲ.